ಶೇರು ಏರಿತ್ತು, ಕಾರ್ಖಾನೆ ಇದ್ದಷ್ಟೇ ಇತ್ತು

ಆ ಶೇರು ಸತತ ಒಂಬತ್ತನೆಯ ದಿನ ಅಪ್ಪರ್ ಸರ್ಕಿಟ್ ಮುಟ್ಟಿದ ಬೆಳಿಗ್ಗೆ ಅಕ್ಕೋರು ನನ್ನ ಆಫೀಸಿಗೆ ಬಂದರು. ಉಗಾರ ಖುರ್ದದ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಶೇರು ಆಫೀಸಿದೆ. ಎರಡು ಕಂಪ್ಯೂಟರು, ನಾಲ್ಕು ಕುರ್ಚಿ, ಒಂದು ಫ್ಯಾನು. ಒಂದು ದೊಡ್ಡ ಬ್ರೋಕರ್ ಕಂಪನಿಯ ಕೈಕೆಳಗೆ ನಾನು ಗಿರಾಕಿಗಳ ಖಾತೆ ತೆರೆದು ಅವರ ಆರ್ಡರುಗಳನ್ನು ಹಾಕಿಕೊಡುತ್ತೇನೆ. ಅಕ್ಕೋರು ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನನಗೂ ಮಗ್ಗಿ ಕಲಿಸಿದವರು ಅವರೇ. ಎರಡೂ ಮೊಣಕಾಲು ಸವೆದಿದ್ದವು. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಿ ಬಂದು, ಕೂತು, ಸುಧಾರಿಸಿಕೊಂಡು, ಚೀಲದಿಂದ ಬ್ಯಾಂಕಿನ ಎಫ್.ಡಿ. ರಸೀದಿ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಮುರದು ಫಿಲ್ಟರ್ ಕಂಪನಿಗೆ ಹಾಕೂದೈತಿ," ಅಂದರು.

ಆ ರಸೀದಿ ಯಾವುದೆಂದು ನನಗೆ ಗೊತ್ತಿತ್ತು. ಮೊಣಕಾಲಿನ ಆಪರೇಷನ್ನಿಗೆಂದು ತೆಗೆದಿಟ್ಟ ದುಡ್ಡು. ಮುಂದಿನ ತಿಂಗಳು ಮಿರಜಿನ ದವಾಖಾನೆಗೆ ಹೋಗುವುದೆಂದು ಮಾತಾಗಿತ್ತು.

"ಆಪರೇಷನ್ನು?" ಅಂದೆ.

"ಮುಂದ ಹಾಕಿದ್ರಾತು. ಮೂವತ್ತೆರಡು ವರ್ಷ ಬೋರ್ಡಿನ ಮುಂದ ನಿಂತ ಕಾಲು, ಇನ್ನೊಂದ್ ಆರು ತಿಂಗಳು ನಿಲ್ಲಂಗಿಲ್ಲೇನ? ಆರು ತಿಂಗಳಿಗೆ ಇದು ದುಪ್ಪಟ್ಟ ಆಗತೈತಿ. ಅವಾಗ ಎರಡೂ ಕಾಲು ಒಮ್ಮೆಲೆ ಮಾಡಿಸ್ತೀನಿ, ಚಲೋ ರೂಮು ತಗೊಂಡು."

ಆ ದಿನ ಆರ್ಡರ್ ಹಾಕಿದರೂ ಸಿಗುತ್ತಿರಲಿಲ್ಲ. ಆ ಶೇರಿಗೆ ಎಕ್ಸ್‌ಚೇಂಜ್ ದಿನಕ್ಕೆ ನೂರಕ್ಕೆ ಐದರ ಮಿತಿ ಹಾಕಿತ್ತು. ಅಷ್ಟು ಏರಿದ ಮೇಲೆ ಅವತ್ತಿಗೆ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಇದನ್ನೇ ಅಪ್ಪರ್ ಸರ್ಕಿಟ್ ಅನ್ನುವುದು. ಒಂಬತ್ತು ದಿನದಿಂದ ಬಜಾರು ತೆರೆದ ಹತ್ತು ನಿಮಿಷಕ್ಕೇ ಮಿತಿ ಮುಟ್ಟುತ್ತಿತ್ತು. ಪರದೆಯ ಮೇಲೆ ಕೊಳ್ಳುವವರ ಸಾಲು ಉದ್ದಕ್ಕೆ ಇರುತ್ತಿತ್ತು, ಮಾರುವವರ ಕಡೆ ಸೊನ್ನೆ. ಅದನ್ನೇ ತೋರಿಸಿ, "ಎರಡು ದಿವಸ ತಡೀರಿ ಅಕ್ಕೋರ, ಬ್ಯಾಂಕಿನಿಂದ ದುಡ್ಡು ಬರಾಕೂ ಅಷ್ಟ ಬೇಕು," ಎಂದು ಕಳಿಸಿದೆ.

ಬೇಡ ಅನ್ನುವ ಅಧಿಕಾರ ನನಗಿರಲಿಲ್ಲ. ನನ್ನ ಲೈಸೆನ್ಸು ಆರ್ಡರ್ ಹಾಕುವುದಕ್ಕೆ, ಸಲಹೆ ಕೊಡುವುದಕ್ಕಲ್ಲ. ಇದನ್ನು ಕೊಳ್ಳಿರಿ, ಅದನ್ನು ಮಾರಿರಿ ಎಂದು ಹೇಳುವವರು ಬೇರೆ ಪರೀಕ್ಷೆ ಪಾಸಾಗಿ ಬೇರೆ ನೋಂದಣಿ ಮಾಡಿಸಬೇಕು. ಗೋಡೆಯ ಮೇಲೆ ಆ ಮಾತನ್ನು ಬರೆದು ತೂಗುಹಾಕಿದ್ದೇನೆ. ಸಾಮಾನ್ಯ ದಿನಗಳಲ್ಲಿ ಆ ಫಲಕ ನನಗೆ ಆಸರೆ. ಅವತ್ತು ಮಾತ್ರ ಅದು ಬಾಯಿಗೆ ಹಾಕಿದ ಬೀಗದ ಹಾಗೆ ಕಂಡಿತು.

ಈ ಶೇರು ನಮ್ಮ ಕೈಗೆ ಬಂದದ್ದು ಒಂದು ಭಿಶಿಯಿಂದ. ತಿಂಗಳಿಗೊಮ್ಮೆ ಎಲ್ಲರೂ ಇಷ್ಟಿಷ್ಟು ಹಾಕಿ ಒಬ್ಬೊಬ್ಬರು ಸರದಿಯಂತೆ ಎತ್ತಿಕೊಳ್ಳುವ ಹೆಂಗಸರ ಭಿಶಿ ನಮ್ಮ ಕಡೆ ಓಣಿಗೆರಡಿರುತ್ತವೆ. ನಮ್ಮದರಲ್ಲಿ ಆರು ಜನ. ಎರಡು ವರ್ಷದ ಹಿಂದೆ ಅದೇ ದುಡ್ಡಿನಲ್ಲಿ ಶೇರು ತೆಗೆದುಕೊಳ್ಳುವ ರೂಢಿ ಶುರುವಾಯಿತು. ಖಾತೆ ಅವರವರದು, ವಿಚಾರ ಎಲ್ಲರೂ ಕೂಡಿ. ಮೊದಮೊದಲು ಮ್ಯೂಚುವಲ್ ಫಂಡು, ಆಮೇಲೆ ದೊಡ್ಡ ಕಂಪನಿಗಳ ಒಂದೆರಡು ಶೇರು. ಫಿಲ್ಟರ್ ಕಂಪನಿಯನ್ನು ಸೂಚಿಸಿದವರು ವೈನಿ. ಉಗಾರ ಬುದ್ರುಕದ ಜೈನ ಒಕ್ಕಲುತನದ ಮನೆಯವರು, ಹೊಳೆಯ ದಂಡೆಗೆ ಕಬ್ಬು, ಅಥಣಿ ಆಚೆ ಕೊಕಟನೂರ ಕಡೆ ದ್ರಾಕ್ಷಿ. ಯಜಮಾನರು ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನೋಡಿಕೊಂಡು ಬಂದವರು. ವಯಸ್ಸಿನಲ್ಲಿ ಅವರಿಗಿಂತ ಹಿರಿಯರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾರೆ. ಡ್ರಿಪ್ ನೀರಾವರಿಯ ಪೈಪಿಗೆ ಕಸ ಹೋಗದಂತೆ ತಡೆಯುವ ಫಿಲ್ಟರ್ ಮಾಡುವ ಸಣ್ಣ ಕಂಪನಿಯೊಂದು ಮಿರಜಿನ ಹತ್ತಿರದ ಕೈಗಾರಿಕಾ ವಸಾಹತಿನಲ್ಲಿತ್ತು.

"ಏಳು ವರ್ಷ ಆತು ನಾ ಅವರ ಫಿಲ್ಟರ್ ಹಾಕಿ. ಒಂದ್ ವಾಶರ್ ಬದಲಿಸಿಲ್ಲ. ಅಂಥಾ ಮಂದಿ ಕೆಡಸಂಗಿಲ್ಲ," ಅಂದಿದ್ದರು. ಆರೂ ಜನ ಕೊಂಡೆವು. ಆ ಆರರಲ್ಲಿ ನಾನೂ ಒಬ್ಬಳು.

ಎಂಟು ತಿಂಗಳಲ್ಲಿ ಅದು ನಾಲ್ಕು ಪಟ್ಟಾಯಿತು. ಮೊದಲ ಐದು ತಿಂಗಳು ನಿಧಾನ ಏರಿತು, ನಮಗೆ ಸಹಜ ಅನ್ನಿಸಿತು. ಆಮೇಲೆ ಅದರ ಹೆಸರು ವಾಟ್ಸಾಪಿನಲ್ಲಿ ಓಡಾಡತೊಡಗಿತು. ಸರಕಾರದ ದೊಡ್ಡ ಆರ್ಡರ್ ಬಂದಿದೆಯಂತೆ, ಹೊಸ ಪ್ಲಾಂಟ್ ಆಗಿಯೇ ಬಿಟ್ಟಿದೆಯಂತೆ, ಹೊರದೇಶದವರು ಪಾಲು ಕೇಳುತ್ತಿದ್ದಾರಂತೆ. ಬಜಾರು ಪೂರ್ತಿ ಏರುತ್ತಿದ್ದ ಕಾಲ ಅದು. ಚಿಕ್ಕೋಡಿಯಿಂದ, ರಾಯಬಾಗದಿಂದ ಗುರುತಿಲ್ಲದವರು ಫೋನ್ ಮಾಡಿ ಖಾತೆ ತೆರೆಯಿರಿ ಅನ್ನುತ್ತಿದ್ದರು. ಕಬ್ಬಿನ ಗಾಡಿ ಹೊಡೆಯುವವರೂ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಪಾಳಿ ಕಾಯುತ್ತ ಮೊಬೈಲಿನಲ್ಲಿ ಶೇರು ನೋಡುತ್ತಿದ್ದರು. ನನ್ನ ಧಂದೆಗೆ ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ.

ಅಕ್ಕೋರು ಹೋದ ಮೇಲೆ ನಾನು ಆ ಕಂಪನಿಯ ವಾರ್ಷಿಕ ವರದಿ, ಮೂರು ಮೂರು ತಿಂಗಳ ಫಲಿತಾಂಶ ಎಲ್ಲ ತೆಗೆದು ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ. ಮಾರಾಟ ತುಸು ಹೆಚ್ಚಿತ್ತು. ಲಾಭ ಹತ್ತರಲ್ಲಿ ಒಂದು ಪಾಲು ಏರಿತ್ತು. ನಾವು ಕೊಂಡಾಗ ಕಂಪನಿ ವರ್ಷಕ್ಕೆ ಗಳಿಸುವ ಒಂದು ರೂಪಾಯಿಗೆ ಬಜಾರು ಹದಿನೆಂಟು ರೂಪಾಯಿ ಕೊಡುತ್ತಿತ್ತು. ಈಗ ಅದೇ ಒಂದು ರೂಪಾಯಿಗೆ ಅರವತ್ತೈದು. ಏರಿದ್ದು ಗಳಿಕೆಯಲ್ಲ, ಗಳಿಕೆಗೆ ಮಂದಿ ಕೊಡಲು ತಯಾರಿದ್ದ ಬೆಲೆ. ಇಷ್ಟೇಕೆ ಏರುತ್ತಿದೆ ಎಂದು ಎಕ್ಸ್‌ಚೇಂಜು ಕಂಪನಿಗೆ ಪತ್ರ ಬರೆದಿತ್ತು. ನಾವು ಮುಚ್ಚಿಟ್ಟ ಸುದ್ದಿ ಯಾವುದೂ ಇಲ್ಲ, ಏರಿಕೆಯ ಕಾರಣ ನಮಗೆ ತಿಳಿಯದು ಎಂದು ಕಂಪನಿ ಉತ್ತರ ಕೊಟ್ಟಿತ್ತು. ಆ ಎರಡು ಸಾಲಿನ ಉತ್ತರವನ್ನು ನಾನು ಮೂರು ಸಲ ಓದಿದೆ.

ಹಾಗೆಂದು ಇದು ಗುಳ್ಳೆ ಎಂದು ಖಾತ್ರಿಯಾಗಿ ಹೇಳಲು ನನಗೆ ಧೈರ್ಯವಿರಲಿಲ್ಲ. ಅರವತ್ತೈದು ಕೊಡುವವರು ನಾಳೆ ನೂರು ಕೊಡಬಹುದು. ಹಿಂದೊಮ್ಮೆ ಹೀಗೇ ಹೆದರಿ ಒಬ್ಬ ಗಿರಾಕಿಯ ಮುಂದೆ ಮುಖ ಸಣ್ಣ ಮಾಡಿದ್ದೆ. ಅವರು ಮಾರಿದರು, ಶೇರು ಮತ್ತೆ ಎರಡು ವರ್ಷ ಏರಿತು. ಇವತ್ತಿಗೂ ಅವರು ಮದುವೆ ಮುಂಜಿಗಳಲ್ಲಿ ಸಿಕ್ಕರೆ ಆ ಶೇರಿನ ಇವತ್ತಿನ ರೇಟು ಹೇಳಿಯೇ ಮುಂದೆ ಹೋಗುತ್ತಾರೆ. ನಮ್ಮ ಬ್ರೋಕರ್ ಕಂಪನಿಯ ಏರಿಯಾ ಮ್ಯಾನೇಜರನಿಗೆ ಫೋನ್ ಹಚ್ಚಿದೆ. "ಓಡೋ ಕುದರಿ ಐತ್ರಿ ಮೇಡಂ, ಲಗಾಮ್ ಯಾಕ್ ಎಳೀತೀರಿ? ಬಜಾರ್ ಏರೈತಂತ ಈ ತಿಂಗಳು ಏರಿಸಿದ ಟಾರ್ಗೆಟ್ ನಿಮ್ಮ ಬ್ರಾಂಚಿಂದು ಇನ್ನ ಅರ್ಧಾನೂ ಆಗಿಲ್ಲ," ಅಂದ.

ಮರುದಿನ ಮಧ್ಯಾಹ್ನ ಭಿಶಿಯ ಬೈಠಕ್ಕು ವೈನಿಯ ಮನೆಯಲ್ಲಿ. ನಾನು ದೊಡ್ಡ ಅಕ್ಷರದಲ್ಲಿ ಒಂದು ತಖ್ತೆ ಬರೆದುಕೊಂಡು ಹೋದೆ. ಮಾರಾಟ, ಲಾಭ, ಶೇರಿನ ಬೆಲೆ, ಆಗ ಎಷ್ಟು, ಈಗ ಎಷ್ಟು. ಸಲಹೆ ಕೊಡುವಂತಿಲ್ಲ, ಆದರೆ ಕಂಪನಿಯೇ ಛಾಪಿಸಿದ ಅಂಕಿಗಳನ್ನು ಓದಿ ಹೇಳಲು ಯಾರ ಅಡ್ಡಿಯೂ ಇಲ್ಲ. ಓದಿದೆ. ಮೆಡಿಕಲ್ ಅಂಗಡಿಯ ಅಕ್ಕ ಅರ್ಧಕ್ಕೇ ತಡೆದಳು. ಬಸ್‌ಸ್ಟ್ಯಾಂಡ್ ಹತ್ತಿರ ಔಷಧದ ಅಂಗಡಿ ನಡೆಸುವವಳು, ನಮ್ಮಲ್ಲೆಲ್ಲ ಚುರುಕಿನ ಕೈ. ಡಾಕ್ಟರ ಚೀಟಿ ಓದುವಾಗ ಒಂದು ಕಣ್ಣು ಚೀಟಿಯ ಮೇಲೆ, ಇನ್ನೊಂದು ಕಣ್ಣು ಶೇರಿನ ಮೇಲೆ ಎಂದು ಗಿರಾಕಿಗಳೇ ಚೇಷ್ಟೆ ಮಾಡುತ್ತಿದ್ದರು.

"ಮೇಡಂ, ನೀವು ಪೇಪರ್ ಮ್ಯಾಲಿನ ಲೆಕ್ಕ ಹೇಳಾಕತ್ತೀರಿ. ಶೇರು ದಿನಾ ಏರಾಕತ್ತೈತಿ. ಎರಡರಾಗ ಯಾವುದನ್ನ ನಂಬೂದ್ರಿ?"

"ಎರಡೂ ಖರೇನ."

"ಎರಡೂ ಖರೇ ಇದ್ರ ನಾ ಏರೂದನ್ನ ನಂಬತೀನಿ," ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕೋರು ಮಾತ್ರ ತಖ್ತೆಯನ್ನು ಕೈಗೆತ್ತಿಕೊಂಡು ಕನ್ನಡಕ ಏರಿಸಿ ನೋಡಿದರು. ಭಾಗಾಕಾರ ಸರಿ ಇದೆಯೋ ಇಲ್ಲವೋ ತಪಾಸ ಮಾಡಿದರು. ಸರಿ ಇದೆ ಅಂದರು. ಎಫ್.ಡಿ. ಮುರಿಯುವ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವೈನಿ ಸುಲಿಯುತ್ತಿದ್ದ ಶೇಂಗಾ ಬುಟ್ಟಿಯನ್ನು ಬದಿಗೆ ಸರಿಸಿದರು. ಆಮೇಲೆ ಹೇಳಿದರು: "ನನ್ನ ದ್ರಾಕ್ಷಿ ತಗೊಳ್ಳಾಕ ದಲಾಲ ಬರ್ತಾನಲ್ಲ, ಅಂವಾ ಪ್ಯಾಟ್ಯಾಗ ಕುಂತ ರೇಟ್ ಹೇಳಂಗಿಲ್ಲ. ತ್ವಾಟಕ್ಕ ಬಂದು, ಬಗ್ಗಿ, ಬಳ್ಳಿ ಕೆಳಗ ನಿಂತು ಗೊನಿ ಎತ್ತಿ ನೋಡ್ತಾನ. ಕಾರ್ಖಾನಿ ಏನ್ ದಿಲ್ಲ್ಯಾಗೈತೇನು? ಮಿರಜಿನ್ಯಾಗೈತಿ. ಹೋಗಿ ನೋಡಿ ಬಂದ್ರಾತಲ್ಲ."

ಇಷ್ಟು ವರ್ಷ ಈ ಧಂದೆ ಮಾಡಿಯೂ ನನಗೆ ಇದು ಹೊಳೆದಿರಲಿಲ್ಲ. ಅಕ್ಕೋರು ಒಪ್ಪಿದರು. ನೋಡಿ ಬಂದ ಮೇಲೆಯೇ ಬ್ಯಾಂಕಿಗೆ ಹೋಗುವುದೆಂದು ಠರಾವಾಯಿತು.

ಕಾರ್ಖಾನೆಯ ಒಳಗೆ ಹೋಗುವುದು ಮಾತ್ರ ಸುಲಭವಿರಲಿಲ್ಲ. ನಾವು ನಿಮ್ಮ ಶೇರುದಾರರು, ಕಾರ್ಖಾನೆ ನೋಡಬೇಕು ಎಂದು ಕಂಪನಿಯ ಸೆಕ್ರೆಟರಿಗೆ ಇಮೇಲ್ ಹಾಕಿದೆ. ಮೂರು ದಿನ ಉತ್ತರವಿಲ್ಲ. ಫೋನ್ ಮಾಡಿದರೆ, ಶೇರುದಾರರು ವಾರ್ಷಿಕ ಸಭೆಗೆ ಬರಬಹುದು, ಹಾಗೆ ಸುಮ್ಮನೆ ಬರುವ ಪದ್ಧತಿ ಇಲ್ಲ ಅಂದರು. ಅವರದೂ ತಪ್ಪಲ್ಲ. ಆ ದಿನಗಳಲ್ಲಿ ಶೇರು ಮತ್ತೆ ಮೂರು ಸಲ ಮಿತಿ ಮುಟ್ಟಿತು. ಮೆಡಿಕಲ್ ಅಕ್ಕ ದಿನಾ ಬಜಾರು ಮುಚ್ಚುವ ಮೂರೂವರೆಗೆ ನನಗೊಂದು ಲಾಡುವಿನ ಚಿತ್ರ ಕಳಿಸುತ್ತಿದ್ದಳು.

ಕೊನೆಗೆ ವೈನಿ ತಮ್ಮ ಫಿಲ್ಟರ್ ಡೀಲರನಿಗೆ ಫೋನ್ ಮಾಡಿದರು. ಎರಡು ನಿಮಿಷದ ಮಾತು. "ರೈತರು ಬಂದ್ರ ತೋರಸ್ತಾರಂತ. ಬುಧವಾರ ಹತ್ತಕ್ಕ," ಅಂದರು.

ಹೊರಡುವ ಮೊದಲು ನಾನು ಒಂದು ಮಾತನ್ನು ಒತ್ತಿ ಹೇಳಿದೆ. ಮುಂದೆ ಯಾವ ಆರ್ಡರ್ ಬರುತ್ತದೆ, ಈ ಸಲದ ಲಾಭ ಎಷ್ಟು ಎಂದು ಯಾರೂ ಕೇಳಬಾರದು. ಊರಿಗೆಲ್ಲ ತಿಳಿಯುವ ಮೊದಲೇ ಒಳಗಿನ ಸುದ್ದಿ ಕೇಳಿ ಶೇರು ಕೊಂಡರೂ ಅಪರಾಧ, ಮಾರಿದರೂ ಅಪರಾಧ. ಕಣ್ಣಿಗೆ ಕಾಣುವುದನ್ನು ನೋಡುವುದು, ಫಿಲ್ಟರಿನ ಬಗ್ಗೆ ಕೇಳುವುದು, ಚಹಾ ಕೊಟ್ಟರೆ ಕುಡಿಯುವುದು, ಇಷ್ಟೇ. ಮತ್ತು ನಾವು ಶೇರುದಾರರೂ ಹೌದು ಎಂದು ಮೊದಲೇ ಹೇಳಿಬಿಡುವುದು.

ಬುಧವಾರ ಬೆಳಗಿನ ಪ್ಯಾಸೆಂಜರಿಗೆ ಆರೂ ಜನ ಹತ್ತಿದೆವು. ಅಕ್ಕೋರನ್ನು ಇಬ್ಬರು ಹಿಡಿದು ಹತ್ತಿಸಿದೆವು. ಶೇಡಬಾಳ ಬರುವಷ್ಟರಲ್ಲಿ ಬುತ್ತಿಗಂಟಿನಿಂದ ಮಸಾಲೆ ರೊಟ್ಟಿ ಧಪಾಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಹೊರಬಿದ್ದವು. ವೈನಿ ತಮ್ಮ ಕಾಸಿದ ನೀರಿನ ಬಾಟಲಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದರು. ರೈಲು ಡಬ್ಬಿಯಲ್ಲಿದ್ದ ಒಬ್ಬ ಕಾಕಾ, "ಎಲ್ಲಿಗ್ರೀ, ಲಗ್ನಕ್ಕೇನು?" ಎಂದು ಕೇಳಿದ. "ಹೆಣ್ಣು ನೋಡಾಕ," ಅಂದಳು ಮೆಡಿಕಲ್ ಅಕ್ಕ. ಬಜಾರು ತೆರೆಯುವ ಹೊತ್ತಿಗೆ ಗಾಡಿ ಮಿರಜಿನ ಹೊರಗೆ ಸಿಗ್ನಲ್ಲಿಗೆ ನಿಂತಿತ್ತು. ಅವಳು ಮೊಬೈಲು ನೋಡಿ, "ಅಪ್ಪರ್," ಎಂದಷ್ಟೇ ಹೇಳಿ ಒಂದು ಧಪಾಟಿ ಜಾಸ್ತಿ ತಿಂದಳು.

ಗೇಟಿನ ವಾಚಮನ್ ಮರಾಠಿಯಲ್ಲಿ "ಯಾ ತಾಈ, ಬಸಾ" ಎಂದು ಬೆಂಚು ತೋರಿಸಿದ. ಶೇರಿನ ಮಾತು ಬಂದದ್ದೇ ತಾನೂ ಹತ್ತು ತೆಗೆದುಕೊಂಡಿದ್ದೇನೆ ಎಂದು ಕಿಸೆ ತಟ್ಟಿ ತೋರಿಸಿದ. ಒಳಗಿನಿಂದ ಬಂದ ಕಾರ್ಖಾನೆ ಮ್ಯಾನೇಜರ್ ಐವತ್ತರ ಆಸುಪಾಸಿನವರು, ಅಂಗಿಯ ತೋಳಿಗೆ ಗ್ರೀಸು, ಗಡಿಯ ಊರಿನವರಾದ್ದರಿಂದ ಕನ್ನಡ ಮರಾಠಿ ಎರಡೂ ಸಮಸಮ. ಶೇರುದಾರರು ಅಂದ ತಕ್ಷಣ ಅವರ ಮುಖ ಸ್ವಲ್ಪ ಬಿಗಿಯಿತು. ವೈನಿ ಏಳು ವರ್ಷದ ವಾಶರಿನ ಕಥೆ ಹೇಳಿದ ಮೇಲೆ ಸಡಿಲಾಯಿತು.

ಕಾರ್ಖಾನೆ ಚೊಕ್ಕಟವಾಗಿತ್ತು. ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತುವ ಎಂಟು ಮಶೀನು. ಆರು ನಡೆಯುತ್ತಿದ್ದವು, ಎರಡಕ್ಕೆ ತಾಡಪತ್ರಿ ಹೊದಿಸಿತ್ತು. ಹೊರಬಂದ ಪ್ರತಿಯೊಂದು ಫಿಲ್ಟರನ್ನೂ ನೀರಿನ ಒತ್ತಡಕ್ಕೆ ಹಚ್ಚಿ ಪರೀಕ್ಷೆ ಮಾಡುತ್ತಿದ್ದರು. ನಮ್ಮ ಕಣ್ಣ ಮುಂದೆಯೇ ಒಂದು ಸೋರಿತು. ಒಬ್ಬ ಹೆಣ್ಣುಮಗಳು ಅದನ್ನು ಎತ್ತಿ ಕೆಂಪು ಡಬ್ಬಿಗೆ ಒಗೆದಳು. ವೈನಿ ಬಗ್ಗಿ ಡಬ್ಬಿಯೊಳಗೆ ಎಷ್ಟಿವೆ ಎಂದು ನೋಡಿದರು. ಗೋದಾಮಿನಲ್ಲಿ ಮಾಲು ಎಷ್ಟು ದಿನ ನಿಲ್ಲುತ್ತದೆ, ಎಷ್ಟು ಪಾಳಿ ನಡೆಯುತ್ತದೆ, ಫಿಲ್ಟರಿನೊಳಗಿನ ಜಾಲರಿ ಎಲ್ಲಿಂದ ಬರುತ್ತದೆ, ಎಲ್ಲ ಕೇಳಿದರು. ಸೀಸನ್ನಿನಲ್ಲಿ ಮೂರು ಪಾಳಿ, ಈಗ ಎರಡು ಎಂದರು ಮ್ಯಾನೇಜರ್. ಅದೆಲ್ಲ ವಾರ್ಷಿಕ ವರದಿಯಲ್ಲೂ ಇದ್ದ ಮಾತೇ. ನನಗೆ ಅದರಲ್ಲಿ ಓದಿದಾಗ ತಾಗದ್ದು ಇಲ್ಲಿ ನಿಂತಾಗ ತಾಗಿತು.

ಹಿಂದಿನ ಅಂಗಳದಲ್ಲಿ ಹೊಸ ಪ್ಲಾಂಟ್ ಇತ್ತು. ಅಂದರೆ, ಹನ್ನೆರಡು ಕಂಬ ಎದ್ದಿದ್ದವು. ನಡುವೆ ಮೊಣಕಾಲುದ್ದ ಹುಲ್ಲು. ಒಂದು ಕಂಬಕ್ಕೆ ಯಾರದೋ ಎಮ್ಮೆ ಕಟ್ಟಿತ್ತು.

ಮೆಡಿಕಲ್ ಅಕ್ಕ ಆ ಎಮ್ಮೆಯನ್ನು ಬಹಳ ಹೊತ್ತು ನೋಡಿದಳು. "ವಾಟ್ಸಾಪಿನ್ಯಾಗ ಈ ಪ್ಲಾಂಟಿನ ಫೋಟೋ ಬಂದಿತ್ತಲ್ರಿ, ಗಾಜಿನ ಬಿಲ್ಡಿಂಗು," ಅಂದಳು.

"ಅದು ಯಾರದೋ, ನಮ್ಮದಲ್ರಿ," ಅಂದರು ಮ್ಯಾನೇಜರ್. "ನಮ್ಮದು ಇದ. ಪರವಾನಗಿ ಬಂದಾಂಗ ಬಂದಾಂಗ ಮಾಡ್ತೀವಿ. ಅವಸರ ಮಾಡಿದ್ರ ಕೆಲಸ ಕೆಡತಾವ."

ಅಕ್ಕೋರಿಗೆ ಕುರ್ಚಿ ಹಾಕಿಕೊಟ್ಟಿದ್ದರು. ಅವರು ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದರು: "ಎಂಟು ತಿಂಗಳದಾಗ ನಿಮ್ಮ ಶೇರು ನಾಲ್ಕು ಪಟ್ಟಿಗಿಂತ ಹೆಚ್ಚಾಗೈತಿ. ಇಲ್ಲಿ ಯಾವುದು ನಾಲ್ಕು ಪಟ್ಟ ಆಗೈತಿ, ಅದನ್ನಷ್ಟ ತೋರಸ್ರಿ."

ಮ್ಯಾನೇಜರ್ ಮೊದಲು ನಕ್ಕರು. ಆಮೇಲೆ ಗಂಭೀರವಾಗಿ ವಿಚಾರ ಮಾಡಿದರು. "ಫೋನ್ ರೀ, ತಾಯಿ," ಅಂದರು. "ಶೇರಿನ ಸಲುವಾಗಿ ಬರೋ ಫೋನ್. ಅದೊಂದ ನೋಡ್ರಿ ನಾಲ್ಕು ಪಟ್ಟ ಆಗಿದ್ದು. ಫಿಲ್ಟರ್ ನಾವು ಮೊದಲ ಹೆಂಗ ಮಾಡ್ತಿದ್ವಿ, ಈಗೂ ಹಂಗ ಮಾಡಾಕತ್ತೀವಿ."

ಯಾವ ಮೋಸವೂ ಇರಲಿಲ್ಲ, ಯಾರೂ ಏನನ್ನೂ ಮುಚ್ಚಿಡಲಿಲ್ಲ. ಬೀಗ ಹಾಕಿದ ಗೇಟು, ಖಾಲಿ ಶೆಡ್ಡು ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಇಲ್ಲಿ ಕಂಡದ್ದು ತನ್ನ ಪಾಡಿಗೆ ತಾನು ಒಳ್ಳೆಯ ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆ. ಅದರ ಶೇರು ಮಾತ್ರ ಅದನ್ನು ಕೇಳದೆ ಎಲ್ಲಿಗೋ ಹೊರಟಿತ್ತು. ಒಳ್ಳೆಯ ಕಂಪನಿ ಮತ್ತು ಒಳ್ಳೆಯ ಬೆಲೆ ಎರಡು ಬೇರೆ ಬೇರೆ ಮಾತುಗಳೆಂದು ಪುಸ್ತಕದಲ್ಲಿ ಓದಿದ್ದೆ. ಚಹಾ ಕುಡಿಯುತ್ತ ಆ ಎಮ್ಮೆಯನ್ನು ನೋಡುವಾಗ ಅದು ನನಗೆ ಪೂರ್ತಿ ತಿಳಿಯಿತು.

ವಾಪಸು ಬರುವಾಗ ಎರಡು ರಿಕ್ಷಾ ಮಾಡಿದೆವು. ಸ್ಟೇಷನ್ನಿಗೆ ಇನ್ನೂ ದೂರವಿರುವಾಗಲೇ ಅಕ್ಕೋರು ರಿಕ್ಷಾದವನಿಗೆ ನಿಲ್ಲಿಸಲು ಹೇಳಿದರು. ಅವರ ಆಪರೇಷನ್ ಆಗಬೇಕಿದ್ದ ದವಾಖಾನೆ ಅದೇ ದಾರಿಯಲ್ಲಿತ್ತು.

"ಗಾಡಿಗೆ ಇನ್ನ ಒಂದೂವರಿ ತಾಸ ಐತಿ. ಬಂದದ್ದ ಬಂದೇವಿ, ತಾರೀಖ ಬರೆಸಿ ಬರ್ತೀನಿ," ಅಂದರು.

ನಾನು ಇಳಿಯಲು ಕೈ ಕೊಟ್ಟೆ. ಒಳಗೆ ಕೌಂಟರಿನವರು ಒಂದು ಕಾಲೋ ಎರಡೋ ಎಂದು ಕೇಳಿದರು. "ಮೊದಲ ಒಂದು. ಅದು ಹೆಂಗ ನಡೀತೈತಿ ನೋಡಿ, ಆಮ್ಯಾಲ ಇನ್ನೊಂದು," ಅಂದರು. ಅವರು ಫಾರಮ್ಮಿಗೆ ಸಹಿ ಮಾಡುವಾಗ ನಾನು ಅವರ ಚೀಲ ಹಿಡಿದುಕೊಂಡು ನಿಂತೆ.

ಮರುದಿನ ಬೆಳಿಗ್ಗೆ ಬೈಠಕ್ಕು ನನ್ನ ಆಫೀಸಿನಲ್ಲೇ. ಒಬ್ಬೊಬ್ಬರ ನಿರ್ಧಾರ ಒಂದೊಂದು. ಅಕ್ಕೋರು ತಮ್ಮಲ್ಲಿದ್ದ ಫಿಲ್ಟರ್ ಶೇರು ಪೂರ್ತಿ ಮಾರಿದರು. ವೈನಿ ಅರ್ಧ ಮಾರಿದರು. "ಬಳ್ಳಿಗೆ ಹೊರ್ಲಾರದಷ್ಟು ಗೊನಿ ಬಿಟ್ರ ಅರ್ಧ ಕತ್ತರಸ್ತೀವಿ. ಪೂರ್ತಿ ಬಳ್ಳಿ ಕಡಿಯಂಗಿಲ್ಲ," ಅಂದರು. ಉಳಿದ ಇಬ್ಬರು ಅವರ ಹಾಗೇ ಮಾಡಿದರು. ಮೆಡಿಕಲ್ ಅಕ್ಕ ಒಂದನ್ನೂ ಮಾರಲಿಲ್ಲ. "ಎಮ್ಮಿ ಇವತ್ತ ಅಲ್ಲೈತಿ, ನಾಳೆ ಬಿಚ್ಚಿ ಒಯ್ತಾರ. ಕಂಬ ಅಂತೂ ಎದ್ದಾವಲ್ರಿ," ಅಂದಳು. ಕೊಳ್ಳುವವರ ಸಾಲು ಇದ್ದೇ ಇತ್ತು. ಆರ್ಡರ್ ಒತ್ತಿದ ಕ್ಷಣಕ್ಕೆ ಶೇರು ಹೋಯಿತು, ಮರುದಿನ ದುಡ್ಡು ಖಾತೆಗೆ ಬಂತು. ಇದೇ ನೆವದಲ್ಲಿ ಫಂಡುಗಳನ್ನೂ ನಿಲ್ಲಿಸಬೇಕೇ ಎಂದು ಒಬ್ಬರು ಕೇಳಿದರು. ಆ ಫಂಡಿನಲ್ಲಿ ನೂರಾರು ಕಂಪನಿಗಳಿವೆ, ಹತ್ತು ವರ್ಷಕ್ಕೆಂದು ಹಾಕುತ್ತಿದ್ದೀರಿ ಎಂದು ಅವರದೇ ಅರ್ಜಿಯಲ್ಲಿ ಬರೆದದ್ದನ್ನು ತೋರಿಸಿದೆ. ಯಾರೂ ನಿಲ್ಲಿಸಲಿಲ್ಲ.

ನಾನು ನನ್ನ ಶೇರುಗಳನ್ನು ಮಾರಲಿಲ್ಲ. ಅವತ್ತು ಕೆಲಸ ಬಹಳವಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಾಳೆ ನೋಡೋಣ ಅಂದುಕೊಂಡೆ.

ಆಮೇಲಿನ ಮೂರು ವಾರ ಶೇರು ಏರುತ್ತಲೇ ಇತ್ತು. ಐದು ಪಟ್ಟಾಯಿತು. ಮಾರಿದವರಲ್ಲಿ ಒಬ್ಬರು ನನ್ನ ಜೊತೆ ಮಾತು ಕಡಿಮೆ ಮಾಡಿದರು. ನಿಪ್ಪಾಣಿಯ ಒಬ್ಬ ಗಿರಾಕಿ, ಮೇಡಂ ಹೆದರುಪುಕ್ಕಲಿ ಎಂಬ ಸುದ್ದಿ ಕೇಳಿ ಖಾತೆಯನ್ನು ಬೇರೆ ಕಡೆ ಒಯ್ದರು. ಮೆಡಿಕಲ್ ಅಕ್ಕ ಓಣಿಗೆಲ್ಲ ಪೇಡೆ ಹಂಚಿದಳು, ನನಗೆ ಎರಡು ಕೊಟ್ಟಳು. ಅಕ್ಕೋರಿಗೆ ಅದೇ ವಾರ ಆಪರೇಷನ್ ಆಯಿತು. ನೋಡಲು ಹೋದಾಗ ಮಂಚದ ಮೇಲೆ ಕಾಲು ಚಾಚಿಕೊಂಡು ರೇಟು ಕೇಳಿದರು. ಹೇಳಿದೆ. "ಇರಲಿ ಬಿಡು. ಇದರ ರೇಟ್ ಯಾರಿಗೂ ಗೊತ್ತಿಲ್ಲ," ಎಂದು ಹೊಸ ಮೊಣಕಾಲನ್ನು ತೋರಿಸಿದರು.

ಒಂದು ಸೋಮವಾರ ಶೇರು ತಿರುಗಿತು. ಫಲಿತಾಂಶ ಬಂದಿತ್ತು. ಕೆಟ್ಟದ್ದೇನಲ್ಲ, ಎಂದಿನ ಹಾಗೇ ಇತ್ತು. ಎಂದಿನ ಹಾಗಿದ್ದದ್ದೇ ತಪ್ಪಾಯಿತು. ಬೆಳಿಗ್ಗೆ ಒಂಬತ್ತೂಕಾಲಿಗೆ ನೂರಕ್ಕೆ ಐದು ಕೆಳಗೆ ಬಿದ್ದು ನಿಂತುಬಿಟ್ಟಿತು. ಈಗ ಪರದೆಯ ಮೇಲೆ ಮಾರುವವರ ಸಾಲು, ಕೊಳ್ಳುವವರ ಕಡೆ ಸೊನ್ನೆ. ಇದು ಲೋವರ್ ಸರ್ಕಿಟ್. ಕೊಳ್ಳುವವರೇ ಇಲ್ಲದ ಮೇಲೆ ಮಾರುವುದೆಂಬ ಮಾತೇ ಇಲ್ಲ. ಮೆಡಿಕಲ್ ಅಕ್ಕ ಅಂಗಡಿಯನ್ನು ಗಂಡನಿಗೆ ಬಿಟ್ಟು ದಿನಾ ಒಂಬತ್ತಕ್ಕೆ ನನ್ನ ಆಫೀಸಿಗೆ ಬಂದು ಕೂಡತೊಡಗಿದಳು. ಬಜಾರು ತೆರೆಯುವ ಮೊದಲಿನ ಕೆಲವು ನಿಮಿಷ ಆರ್ಡರ್ ಸೇರಿಸಿಕೊಳ್ಳುವ ಅವಕಾಶವಿದೆ. ಸರಿಯಾಗಿ ಒಂಬತ್ತಕ್ಕೆ ಅವಳದೊಂದು ಹಾಕುತ್ತಿದ್ದೆ, ಅದರ ಬೆನ್ನಿಗೇ ಸದ್ದಿಲ್ಲದೆ ನನ್ನದೊಂದು. ನಮ್ಮ ಮುಂದೆ ಲಕ್ಷಗಟ್ಟಲೆ ಶೇರಿನ ಸಾಲು. ಸಂಜೆ ಎರಡೂ ರದ್ದಾಗುತ್ತಿದ್ದವು.

ಮೂರನೆಯ ದಿನ ಅವಳು ಪರದೆಯನ್ನು ಬಗ್ಗಿ ನೋಡಿದಳು. "ಇನ್ನೊಂದು ಆರ್ಡರ್ ಯಾರದ್ರೀ ಅದು?"

"ನಂದು," ಅಂದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು ಬಾಯಿಗೆ ಸೆರಗು ಹಚ್ಚಿ ನಗತೊಡಗಿದಳು, ನಿಲ್ಲಿಸಲಾಗದೆ ಕಣ್ಣು ಒರೆಸಿಕೊಂಡಳು. "ಎಲ್ಲಾರ್ನೂ ಕರ್ಕೊಂಡು ಹೋಗಿ ಎಮ್ಮಿ ತೋರಿಸಿದವ್ರು ನೀವ, ಎಮ್ಮಿ ಬಾಲ ಹಿಡ್ಕೊಂಡ ಕುಂತವ್ರೂ ನೀವನ?"

ಅವತ್ತಿನಿಂದ ಆ ಕಾಯುವಿಕೆ ಅಷ್ಟು ಭಾರ ಅನ್ನಿಸಲಿಲ್ಲ. ಅವಳು ಚಹಾ ತರಿಸುತ್ತಿದ್ದಳು, ನಾನು ಆರ್ಡರ್ ಹಾಕುತ್ತಿದ್ದೆ. ಹದಿನೈದನೆಯ ದಿನ ಸಾಲು ಕರಗಿ ಇಬ್ಬರದೂ ಹೋಯಿತು. ಕೊಂಡ ಬೆಲೆಯ ಎರಡೂವರೆ ಪಟ್ಟು ಹತ್ತಿರ ಬಂತು. ಲಾಭವೇ. ಆದರೂ ಐದು ಪಟ್ಟು ಕಂಡಿದ್ದ ಕಣ್ಣಿಗೆ ಅದು ಕಳೆದುಕೊಂಡದ್ದೆಂದೇ ಕಾಣುತ್ತಿತ್ತು. ನನಗೆ ಅದರಲ್ಲಿ ತಿಳಿದದ್ದು ಇಷ್ಟು. ಲೆಕ್ಕ ಬರುವುದು ಬೇರೆ, ಎದ್ದು ಬರುವುದು ಬೇರೆ. ಲೆಕ್ಕ ನನಗೆ ಎಲ್ಲರಿಗಿಂತ ಮೊದಲು ಬಂದಿತ್ತು, ಎದ್ದು ಬಂದವರು ಅಕ್ಕೋರು.

ಆ ದಿನಗಳಲ್ಲಿ ದೊಡ್ಡ ಬಜಾರೂ ಕೊಂಚ ಇಳಿಯಿತು, ಫಂಡುಗಳು ತುಸು ಬಾಡಿದವು. ಕೆಲವು ತಿಂಗಳಿಗೆ ಮತ್ತೆ ಚೇತರಿಸಿಕೊಂಡು ಮೊದಲಿಗಿಂತ ಮೇಲೆ ಹೋದವು. ಹಾಗಾದರೆ ಆ ಏರಿಕೆ ಗಟ್ಟಿಯದೋ ಗುಳ್ಳೆಯೋ ಎಂದು ಈಗಲೂ ಕೇಳುತ್ತಾರೆ. ಒಂದೇ ಪರದೆಯ ಮೇಲೆ ಎರಡೂ ಪಕ್ಕಪಕ್ಕದಲ್ಲಿ ಇದ್ದವು ಎಂದಷ್ಟೇ ನಾನು ಹೇಳಬಲ್ಲೆ.

ಮೊನ್ನೆ, ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿಯ ಹಂಗಾಮಿನ ಮೊದಲು, ಬೈಠಕ್ಕಿಗೆ ಕೂತಿದ್ದೆವು. ಫಿಲ್ಟರ್ ಶೇರಿನ ಮಾತು ಈಗ ಯಾವ ಗ್ರೂಪಿನಲ್ಲೂ ಇಲ್ಲ. ನಾವು ಮೊದಲು ಕೊಂಡ ಬೆಲೆಗಿಂತ ಸ್ವಲ್ಪವೇ ಮೇಲೆ ಬಂದು ಮಲಗಿದೆ. ವೈನಿ ತಡವಾಗಿ ಬಂದರು. ಕೊಕಟನೂರ ತೋಟದ ಹೊಸ ಪ್ಲಾಟಿಗೆ ಇನ್ನೆರಡು ಫಿಲ್ಟರ್ ಬೇಕಾಗಿದ್ದವು, ಡೀಲರನ ಹತ್ತಿರ ಹೋಗಿದ್ದರಂತೆ.

"ಹೋದ ವರ್ಷ ಕೇಳಿದ ದಿನಾನ ಕೊಡ್ತಿದ್ದ. ಈಗ ಮೂರು ವಾರ ಪಾಳಿ ಅಂತ," ಎಂದು ಕೂತು ಬೆವರು ಒರೆಸಿಕೊಂಡರು. "ಏನ್ ಕಾಲ ಬಂತವ್ವಾ. ಶೇರು ಬೇಕಾದಷ್ಟು ಸಿಗಾಕತ್ತೈತಿ, ಫಿಲ್ಟರ್ ಸಿಗವಲ್ದು."

ಮೆಡಿಕಲ್ ಅಕ್ಕ ತಲೆ ಎತ್ತಿದಳು. "ಹಂಗಾರ ಈಗ ತಗೋಬೇಕೇನ್ರಿ?"

ನಾನು ಗಂಟಲು ಸರಿಮಾಡಿಕೊಂಡು, ನನ್ನ ಲೈಸೆನ್ಸಿನ ಪ್ರಕಾರ ಹಾಗೆಲ್ಲ ಹೇಳುವಂತಿಲ್ಲ ಎಂದು ಶುರು ಮಾಡಿದೆ.

"ನಾ ಕೇಳಿದ್ದು ನಿಮ್ಮನ್ನಲ್ರಿ ಮೇಡಂ," ಅಂದಳು ಅವಳು. "ವೈನೀನ್ನ."

ವೈನಿ ನೀರು ಕುಡಿದು ಬಾಟಲಿ ಮುಚ್ಚಿದರು. "ಮೊದಲ ನನ್ನ ಫಿಲ್ಟರ್ ಬರ್ಲಿ. ಬಿಚ್ಚಿ ನೋಡಿ ಹೇಳ್ತೀನಿ," ಅಂದರು.